ನಲವತ್ತು ಹೂಜಿಗಳು

ಡ್ರಾಯಿಂಗ್ ಮೇಷ್ಟರು ಹಲಗೆಯ ಮೇಲೆ ಒಂದು ಹೂಜಿ ಬರೆಯುತ್ತಾರೆ. ನಲವತ್ತು ಮಕ್ಕಳು ನಲವತ್ತು ಹೂಜಿ ಇಳಿಸುತ್ತಾರೆ. ಒಂದರಲ್ಲೂ ನೀರಿಲ್ಲ! ಐದನೆಯ ತರಗತಿಯಲ್ಲಿ ನಾನು ಹೂಜಿಯ ಪಕ್ಕ ಬೆಕ್ಕೊಂದನ್ನು ಬರೆದು ಕಿವಿ ಹಿಂಡಿಸಿಕೊಂಡೆ. ಅಂದು ಓಡಿದ ಬೆಕ್ಕು ಮತ್ತೆ ನನ್ನ ಕೈಗೆ ಬರಲಿಲ್ಲ.

ಬೇರೆ ದಾರಿಯಿಲ್ಲವೆನ್ನಬೇಡಿ. ವಿಯೆನ್ನಾದಲ್ಲಿ ಫ್ರಾಂಝ್ ಚಿಝೆಕ್ 1897ರಲ್ಲೇ ಮಕ್ಕಳ ಕಲಾ ತರಗತಿ ತೆರೆದು, ಮನಸ್ಸಿಗೆ ತೋಚಿದ್ದನ್ನು ಬರೆಯಲು ಅವರಿಗೆ ಬಿಟ್ಟ. ನಮ್ಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗಾಗಿ ಆಟಪಾಠಗಳ ಪ್ರಯೋಗವನ್ನೇ ನಡೆಸಿದರು.

"ಹಾಗಾದರೆ ಮೇಷ್ಟರೇಕೆ?" ಎನ್ನುವವರುಂಟು. ಚಿಝೆಕನ ಶಿಷ್ಯರ ಚಿತ್ರಗಳೂ ಒಂದರಂತೊಂದು ಕಾಣುತ್ತವೆಂಬ ಟೀಕೆ ಬಂದಿತ್ತು. ಗುರುವಿನ ರುಚಿ ಸದ್ದಿಲ್ಲದೆಯೂ ನುಗ್ಗುತ್ತದೆ. ಆದ್ದರಿಂದಲೇ ಮೇಷ್ಟರು ಬೇಕು, ಎಚ್ಚರವುಳ್ಳ ಮೇಷ್ಟರು. ಬಣ್ಣ ಬೆರೆಸುವುದನ್ನು, ಕುಂಚ ತೊಳೆಯುವುದನ್ನು ಅವರು ಕಲಿಸಲಿ, ಕೇಳಿದಾಗ ನೆರವಾಗಲಿ. ಹೂಜಿಯೋ ಬೆಕ್ಕೋ ಎಂಬುದನ್ನು ಮಗುವೇ ನಿರ್ಧರಿಸಲಿ.

ಮಗ್ಗಿಯಲ್ಲಿ ಎರಡೆರಡಲ ನಾಲ್ಕೇ ಆಗಬೇಕು, ಒಪ್ಪಿದೆ. ಆದರೆ ವಾರಕ್ಕೊಂದು ಗಂಟೆಯಾದರೂ ಮಗು ತನ್ನ ಪ್ರಶ್ನೆಯನ್ನು ತಾನೇ ಹಾಕಿಕೊಳ್ಳಬಾರದೆ? ತಂದೆತಾಯಿಗಳೇ, ಸಂಜೆ ಮಗು ಚಿತ್ರ ತಂದಾಗ "ಎಷ್ಟು ಮಾರ್ಕು?" ಎನ್ನಬೇಡಿ, "ಇದರ ಕಥೆ ಹೇಳು" ಎನ್ನಿ. ಓಡಿದ ಬೆಕ್ಕು ನಿಮ್ಮ ಮನೆಗಾದರೂ ಬಂದೀತು.