ಲಕ್ಯಾ ಹೊಳೆಯ ಲೆಕ್ಕ ಕೇಳುವವರಾರು?

ಗಣಿ ಮುಚ್ಚಿದೊಡನೆ ಅದರ ಹಾನಿಯೂ ಮುಗಿಯಿತೆಂದು ನಾವು ಭಾವಿಸುತ್ತೇವೆ. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ಲಕ್ಯಾ ಎಂಬ ಪುಟ್ಟ ಹೊಳೆ ಈ ಭಾವನೆಯನ್ನು ಸುಳ್ಳಾಗಿಸಿದೆ.

1975ರಲ್ಲಿ ಇರಾನಿನ ಶಾ ಸರಕಾರದ ಸಾಲವನ್ನು ನೆಚ್ಚಿಕೊಂಡು ರೂಪುಗೊಂಡ ಯೋಜನೆಯಿದು. 1979ರ ಕ್ರಾಂತಿಯ ಬಳಿಕ ಇರಾನ್ ಹಿಂದೆ ಸರಿಯಿತು, ಗಣಿಗಾರಿಕೆ ನಿಲ್ಲಲಿಲ್ಲ. ಅಲ್ಲಿಯ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಅದನ್ನು ಪುಡಿಮಾಡಿ, ಕಬ್ಬಿಣವನ್ನು ಬೇರ್ಪಡಿಸಿ, ಕೊಳವೆಯ ಮೂಲಕ ಮಂಗಳೂರಿಗೆ ಸಾಗಿಸಲಾಯಿತು. ಉಳಿದ ಹೂಳನ್ನು ತುಂಬಲು ಭದ್ರೆಯನ್ನು ಸೇರುವ ಲಕ್ಯಾ ಹೊಳೆಗೆ ಸುಮಾರು ನೂರು ಮೀಟರ್ ಎತ್ತರದ ಅಣೆಕಟ್ಟು ಕಟ್ಟಲಾಯಿತು. ಅದನ್ನು ಕಟ್ಟಿದ್ದು ಹೊಲಕ್ಕೆ ನೀರುಣಿಸಲಿಕ್ಕಲ್ಲ, ಗಣಿಯ ಕೆಸರನ್ನು ತಡೆದಿಡಲಿಕ್ಕೆ. ಒಂದು ಇಡೀ ಕಣಿವೆ ಹೂಳಿನಡಿ ಮುಚ್ಚಿಹೋಯಿತು.

ಪರಿಸರ ಪ್ರೇಮಿಗಳ ದೀರ್ಘ ಹೋರಾಟ ಹಾಗೂ ಸುಪ್ರೀಮ್ ಕೋರ್ಟಿನ 2002ರ ಆದೇಶದ ಫಲವಾಗಿ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ಅಂತ್ಯಗೊಂಡಿತು. ಆದರೆ ಆ ಹೂಳು ಅಲ್ಲಿಯೇ ಇದೆ. ಗಣಿಯ ಆಯುಷ್ಯ ಕಾಲು ಶತಮಾನ. ಅಣೆಕಟ್ಟನ್ನು ಕಾಯುವ ಹೊಣೆಗೆ ಕೊನೆಯೇ ಇಲ್ಲ. ಅದು ಸಡಿಲಗೊಂಡರೆ ಬೆಲೆ ತೆರಬೇಕಾದವರು ಭದ್ರೆಯ ನೀರನ್ನು ನಂಬಿದ ಜನರು. ಲಾಭ ಒಬ್ಬರಿಗೆ, ಅಪಾಯ ಇನ್ನೊಬ್ಬರಿಗೆ ಎಂಬುದು ಯಾವ ನ್ಯಾಯ?

ಅದೇ ಕಂಪೆನಿಗೆ ಸಂಡೂರಿನ ದೇವದಾರಿ ಅರಣ್ಯದಲ್ಲಿ ಗಣಿಗಾರಿಕೆಯ ಪ್ರಸ್ತಾಪ ಬಂದಾಗ, ಕುದುರೆಮುಖದ ಲೋಪಗಳು ಇತ್ಯರ್ಥವಾಗುವ ತನಕ ಭೂಮಿ ಹಸ್ತಾಂತರಿಸಬಾರದೆಂದು ರಾಜ್ಯದ ಅರಣ್ಯ ಸಚಿವರು 2024ರ ಜೂನ್‌ನಲ್ಲಿ ಸೂಚಿಸಿದರು. ಇದು ಸ್ವಾಗತಾರ್ಹ. ಆದರೆ ಇದು ಕೇಂದ್ರ-ರಾಜ್ಯ ಸರಕಾರಗಳ ರಾಜಕೀಯ ಜಟಾಪಟಿಯ ಅಸ್ತ್ರವಾಗಿ ಉಳಿಯಬಾರದು. ಹಳೆಯ ಹೊಳೆಯ ಲೆಕ್ಕ ತೀರಿಸದವರಿಗೆ ಹೊಸ ಬೆಟ್ಟವಿಲ್ಲ ಎಂಬುದು ಎಲ್ಲ ಕಂಪೆನಿಗಳಿಗೂ ಅನ್ವಯಿಸುವ ನಿಯಮವಾಗಬೇಕು.

ನಮ್ಮನ್ನೂ ನಾವು ಪ್ರಶ್ನಿಸಿಕೊಳ್ಳಬೇಕಾಗಿದೆ. ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂದು ಪ್ರವಾದಿ(ಸ) ಕಲಿಸಿದರು. ಮಸೀದಿಯ ನಳ್ಳಿಯನ್ನು ಸುರಿಯಲು ಬಿಡುವ ನಾವು, ನದಿಯ ಅಳಲನ್ನು ಜುಮಾ ಖುತುಬಾದ ವಿಷಯವೆಂದು ಪರಿಗಣಿಸಿದ್ದು ಎಷ್ಟು ಸಲ? ಸಮುದಾಯದ ಸಮಸ್ಯೆಗಳಿಗೆ ಮಾತ್ರ ಬೀದಿಗಿಳಿಯುವುದು ಭೂಮಿಯಲ್ಲಿ ಅಲ್ಲಾಹನ ಪ್ರತಿನಿಧಿಯಾಗಿರುವ ಮನುಷ್ಯನಿಗೆ ಶೋಭಿಸದು. ಹೊಳೆಗೆ ಜಾತಿಯಿಲ್ಲ, ಮತವಿಲ್ಲ. ಅದು ನಮ್ಮೆಲ್ಲರ ಕೈಗೆ ಒಪ್ಪಿಸಲಾದ ಅಮಾನತು. ಅದರ ಲೆಕ್ಕವನ್ನು ಇಂದು ನಾವು ಕೇಳದಿದ್ದರೆ, ನಾಳೆ ಅಲ್ಲಾಹನು ನಮ್ಮಿಂದ ಕೇಳುವನು.