ಬೀದರಿನ ಹಿರಿಯರ ಮಿದುಳಿಗೂ ಒಂದು ಅಧ್ಯಯನ ಬೇಕು

ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಔಷಧ ಕಾರ್ಖಾನೆಯೊಂದರ ಗುಣಮಟ್ಟ ಪರೀಕ್ಷೆಯ (ಕ್ಯೂಸಿ) ಲ್ಯಾಬಿನಲ್ಲಿ ನನ್ನ ಕೆಲಸ. ಅವ್ವನಿಗೆ ಮರೆವಿನ ಕಾಯಿಲೆ ಎಂದು ಗೊತ್ತಾದ ಮೇಲೆ ಬಂಧುಗಳು ಕೇಳುವುದು ಒಂದೇ ಮಾತು: “ನೀವು ಗುಳಿಗಿ ಮಾಡೋರು, ಇದಕ್ಕೊಂದು ಗುಳಿಗಿ ಇಲ್ಲೇನು?” ಈಗ ಸಿಗುವ ಗುಳಿಗೆಗಳು ಲಕ್ಷಣಗಳನ್ನು ಕೆಲಕಾಲ ಹಿಡಿದಿಡುತ್ತವೆ, ಅಷ್ಟೇ. ಮುಂದಿನ ಮದ್ದು ನಮ್ಮವರಿಗೂ ದಕ್ಕಬೇಕಾದರೆ ಭಾಲ್ಕಿ, ಔರಾದಗಳಲ್ಲೇ ಒಂದು ಕೆಲಸ ಶುರುವಾಗಬೇಕು.

ಮಿದುಳಿನಲ್ಲಿ ನರಕೋಶಗಳ ಜೊತೆ ಗ್ಲಿಯಾ ಕೋಶಗಳೂ ಇವೆ. ಅವುಗಳಲ್ಲಿ ಮೈಕ್ರೋಗ್ಲಿಯಾ ಸತ್ತ ಕೋಶಗಳನ್ನು ನುಂಗಿ ಸ್ವಚ್ಛ ಮಾಡುತ್ತವೆ; ಆಸ್ಟ್ರೋಸೈಟ್‌ಗಳು ನರಕೋಶಗಳನ್ನು ಪೋಷಿಸುತ್ತವೆ. ಆಲ್ಝೈಮರ್ ಕಾಯಿಲೆಯಲ್ಲಿ ಅಮಿಲಾಯ್ಡ್ ಪ್ರೋಟೀನ್ ಗಡ್ಡೆಗಟ್ಟಿದಾಗ ಇವು ಕೆರಳುತ್ತವೆ. ಆ ಉರಿಯೂತ ವರ್ಷಗಟ್ಟಲೆ ತಣಿಯದಿದ್ದರೆ ಕಾಯುವ ಕೋಶಗಳೇ ನರಕೋಶಗಳನ್ನು ಕೆಡಿಸುತ್ತವೆ. ಮೈಕ್ರೋಗ್ಲಿಯಾದಲ್ಲಿ ಕೆಲಸ ಮಾಡುವ ಟ್ರೆಮ್2 ಜೀನಿನ ಒಂದು ಅಪರೂಪದ ವ್ಯತ್ಯಾಸ ಈ ಕಾಯಿಲೆಯ ಅಪಾಯವನ್ನು ಬಹಳ ಹೆಚ್ಚಿಸುತ್ತದೆಂದು 2012ರ ಕೊನೆಗೆ ತಿಳಿಯಿತು.

ಹಾಗಂತ ಉರಿಯೂತ ತಗ್ಗಿಸಿದರೆ ಸಾಕೇ? ನ್ಯಾಪ್ರಾಕ್ಸೆನ್, ಸೆಲೆಕಾಕ್ಸಿಬ್ ಎಂಬ ನೋವಿನ ಗುಳಿಗೆಗಳನ್ನೂ ಮಿನೋಸೈಕ್ಲಿನ್ ಎಂಬ ಆಂಟಿಬಯಾಟಿಕ್ಕನ್ನೂ ಪ್ರಯೋಗಿಸಿದರು, ಫಲ ಸಿಗಲಿಲ್ಲ. ಟ್ರೆಮ್2 ಅನ್ನು ಚುರುಕುಗೊಳಿಸುವ ಎಎಲ್002 ಕೂಡ 2024ರಲ್ಲಿ ವಿಫಲವಾಯಿತು. ಮರೆವಿಗೆಂದು ಯಾರೂ ನೋವಿನ ಗುಳಿಗೆ ನುಂಗಬೇಡಿ. ಒಂದೇ ಕೋಶ ಒಂದು ಹಂತದಲ್ಲಿ ಕಾಯುತ್ತದೆ, ಇನ್ನೊಂದು ಹಂತದಲ್ಲಿ ಕೆಡಿಸುತ್ತದೆ. ಅದನ್ನು ಯಾವಾಗ ತಡೆಯಬೇಕು, ಯಾವಾಗ ಬಲಪಡಿಸಬೇಕು ಎಂಬುದೇ ಬಗೆಹರಿಯದ ಪ್ರಶ್ನೆ.

ನಮ್ಮ ಲ್ಯಾಬಿನಲ್ಲಿ ಪ್ರತಿ ಬ್ಯಾಚಿನ ಸ್ಯಾಂಪಲ್ ಹಂತಹಂತಕ್ಕೂ ನೋಡುತ್ತೇವೆ. ಕೊನೆಗೊಮ್ಮೆ ನೋಡಿದರೆ ಎಲ್ಲಿ ಕೆಟ್ಟಿತೆಂದು ತಿಳಿಯದು. ಮಿದುಳಿನ ಕಾಯಿಲೆಯೂ ಹಾಗೆಯೇ. ಆಸ್ಟ್ರೋಸೈಟ್‌ಗಳ ಜಿಎಫ್‌ಎಪಿ ಪ್ರೋಟೀನಿನ ಮಟ್ಟ ಲಕ್ಷಣ ಕಾಣಿಸುವ ಎಷ್ಟೋ ವರ್ಷ ಮೊದಲೇ ರಕ್ತದಲ್ಲಿ ಏರತೊಡಗುತ್ತದೆ. ಅದನ್ನು ಹಿಡಿಯಬೇಕಾದರೆ ಆರೋಗ್ಯವಂತರನ್ನೇ ವರ್ಷಗಟ್ಟಲೆ ಹಿಂಬಾಲಿಸಬೇಕು. ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಅದನ್ನೇ ಮಾಡುತ್ತಿದೆ: 45 ದಾಟಿದ 10,000 ಮಂದಿಯ ರಕ್ತ, ಸ್ಮರಣಶಕ್ತಿ, ಮಿದುಳಿನ ಸ್ಕ್ಯಾನುಗಳನ್ನು ಮತ್ತೆಮತ್ತೆ ಪರೀಕ್ಷಿಸುವ ಗುರಿ.

ಅಂಥದ್ದು ಇಲ್ಲಿಗೂ ಬೇಕು. ಕನ್ನಡ, ಮರಾಠಿ, ಉರ್ದು, ತೆಲುಗು ಬೆರೆತ ನೆಲ ಇದು. ಶಾಲೆ ಕಾಣದ ಹಿರಿಯರು ಮನೆಮನೆಯಲ್ಲಿದ್ದಾರೆ. ಅಕ್ಷರ ಬಾರದ ಅವ್ವನಿಗೆ ಆಸ್ಪತ್ರೆಯೊಂದರಲ್ಲಿ ಗಡಿಯಾರದ ಚಿತ್ರ ಬರೆಯಲು ಹೇಳಿದರು. ತೊಗರಿಯ ತೂಕ, ಆಳುಗಳ ಕೂಲಿ ಬಾಯಲ್ಲೇ ಲೆಕ್ಕ ಹಾಕುತ್ತಿದ್ದವಳು ಆ ಲೆಕ್ಕ ತಪ್ಪತೊಡಗಿದ್ದೇ ನಿಜವಾದ ಸುಳಿವು. ಅದನ್ನು ಕೇಳುವ ಪ್ರಶ್ನೆಯೇ ಅಲ್ಲಿರಲಿಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜಿನಂತೆ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ ಡಿಮೆನ್ಷಿಯಾ ಇದೆ. ಹೆಂಗಸರಲ್ಲಿ, ಹಳ್ಳಿಗಳಲ್ಲಿ ಇನ್ನೂ ಹೆಚ್ಚು.

371(ಜೆ) ವಿಧಿಯಿಂದ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದಕ್ಕೆ ಹಣ ಕೊಡಲಿ. ಬೀದರಿನ ವೈದ್ಯಕೀಯ ಕಾಲೇಜು ಬ್ರಿಮ್ಸ್, ನಿಮ್ಹಾನ್ಸ್, ಐಐಎಸ್‌ಸಿ ಕೈಜೋಡಿಸಿ ಔರಾದ, ಭಾಲ್ಕಿಯ ಹಳ್ಳಿಗಳಿಂದ ಶುರುಮಾಡಲಿ. ಅಷ್ಟರಲ್ಲಿ ಬಿಪಿ, ಶುಗರ್, ಕಿವಿ, ಕಣ್ಣು ನೋಡಿಸಿಕೊಳ್ಳುವುದು ನಮ್ಮ ಕೈಲಿದೆ. ತಡೆಯಬಲ್ಲ ಅಪಾಯಗಳಲ್ಲಿ ಇವೂ ಸೇರಿವೆ ಎಂದು 2024ರ ಲ್ಯಾನ್ಸೆಟ್ ಆಯೋಗ ಹೇಳಿದೆ.

ಗ್ಲಿಯಾ ಮದ್ದು ಬಂದ ದಿನ ಅದನ್ನು ಯಾರಿಗೆ, ಯಾವ ಹಂತದಲ್ಲಿ ಕೊಡಬೇಕೆಂಬ ಪ್ರಶ್ನೆ ಏಳುತ್ತದೆ. ಆ ಉತ್ತರ ನಮ್ಮವರ ರಕ್ತದ ದಾಖಲೆಯಲ್ಲೇ ಸಿಗಬೇಕು. ಅದು ಸಿದ್ಧವಾಗಲು ವರ್ಷಗಳೇ ಬೇಕು. ಹಾಗಾಗಿ ಹಣ ಈ ವರ್ಷದ ಬಜೆಟ್ಟಿನಲ್ಲೇ ಬರಲಿ.