ಬಣ್ಣಗುರುಡನ ಕೈಯಲ್ಲಿ ನಾಯಕಿಯ ಕೆನ್ನೆ!

ನಾಯಕಿಯ ಗುಲಾಬಿ ಕೆನ್ನೆ ನೋಡಿ ಶಿಳ್ಳೆ ಹೊಡೆದಿರಲ್ಲ, ಓದುಗ ಮಿತ್ರರೇ? ಒಂದು ಗುಟ್ಟು ಹೇಳಲೇ... ಅದನ್ನು ಸೆರೆಹಿಡಿದ ಡಿಜಿಟಲ್ ಕ್ಯಾಮೆರಾದ ಸೆನ್ಸಾರ್‌ಗೆ ಬಣ್ಣವೇ ಕಾಣೋದಿಲ್ಲ!

ಸೆನ್ಸಾರ್ ಅಂದ ತಕ್ಷಣ ಕತ್ತರಿ ನೆನಪಾಯಿತೇ? ಇದು ಆ ಸೆನ್ಸಾರ್ ಅಲ್ಲ ಸ್ವಾಮಿ. ಫಿಲಂ ಓಡುತ್ತಿದ್ದ ಜಾಗದಲ್ಲಿ ಈಗ ಕೂತಿರುವ ಸಿಲಿಕಾನ್ ಬಿಲ್ಲೆ. ಅದರ ತುಂಬ ಲಕ್ಷಗಟ್ಟಲೆ ಪುಟ್ಟ ಕುಳಿಗಳು. ಬೆಳಕು ಬಿದ್ದಷ್ಟೂ ಅವುಗಳಲ್ಲಿ ಎಲೆಕ್ಟ್ರಾನ್ ತುಂಬುತ್ತದೆ. ಬೆಳಕೆಷ್ಟು ಅಂತ ಅಳೆಯೋದಷ್ಟೇ ಗೊತ್ತು. ಕೆಂಪೋ ಹಸಿರೋ, ಅದಕ್ಕೆ ತಿಳಿಯದು.

ದಾರಿ ತೋರಿಸಿದವರು ಕೊಡಕ್ ಕಂಪೆನಿಯ ಬ್ರೈಸ್ ಬೇಯರ್. ಪ್ರತಿ ಕುಳಿಯ ಮೇಲೂ ಒಂದೊಂದು ಬಣ್ಣದ ಪರದೆ. ನಾಲ್ಕರಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಹಸಿರಿಗೆ ದುಪ್ಪಟ್ಟು ಯಾಕೆ? ನಮ್ಮ ಕಣ್ಣಿಗೆ ಹಸಿರಿನ ಮೇಲೇ ಹೆಚ್ಚು ಚುರುಕು! 1976ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತಿಗೂ ಬಹುಪಾಲು ಕ್ಯಾಮೆರಾಗಳದ್ದು ಇದೇ ಉಪಾಯ. ಅಂದರೆ ಕುಳಿ ಅಳೆಯೋದು ಒಂದೇ ಬಣ್ಣ. ಉಳಿದೆರಡು ಅಕ್ಕಪಕ್ಕದವರನ್ನು ನೋಡಿ ಹಾಕಿದ ಅಂದಾಜು!

ಕೆನ್ನೆಯಂಥ ನುಣುಪು ಜಾಗದಲ್ಲಿ ಅಂದಾಜು ತಪ್ಪೋದು ಅಪರೂಪ. ನಾಯಕ ಸಣ್ಣ ಗೆರೆಯ ಷರಟು ತೊಟ್ಟು ಬಂದನೋ, ಫಜೀತಿ! ಸೆನ್ಸಾರ್ ಮೇಲೆ ಬಿದ್ದ ಗೆರೆ ಕುಳಿಯಷ್ಟೇ ಸಣ್ಣದಾದರೆ ಲೆಕ್ಕ ಕೈಕೊಟ್ಟು, ಕಪ್ಪು-ಬಿಳುಪಿನ ಷರಟಿನಲ್ಲಿ ಕಾಮನಬಿಲ್ಲು ಏಳುತ್ತದೆ. ಬೈಗುಳ ಮಾತ್ರ ವಸ್ತ್ರಾಲಂಕಾರದ ಹುಡುಗನಿಗೆ! ಷರಟು ಬದಲಿಸಿ, ಸರಿ. ಅವನನ್ನೇಕೆ ಬೈತೀರಿ?

ಅಂದ ಹಾಗೆ, 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸಿಸಿಡಿ ಸೆನ್ಸಾರ್ ಕಂಡುಹಿಡಿದ ಬಾಯ್ಲ್-ಸ್ಮಿತ್ ಜೋಡಿಗೆ 2009ರಲ್ಲಿ ನೊಬೆಲ್ ಬಂತು. ಬಣ್ಣ ಕೊಟ್ಟ ಬೇಯರ್ ಸಾಹೇಬರು ಅದಿಲ್ಲದೆಯೇ 2012ರ ನವೆಂಬರ್‌ನಲ್ಲಿ ತೀರಿಕೊಂಡರು. ಅದೇ ವರ್ಷದ ಜನವರಿಯಲ್ಲಿ, ಫಿಲಂ ಸಾಮ್ರಾಟ ಕೊಡಕ್ ಕೋರ್ಟಿಗೆ ದಿವಾಳಿ ಅರ್ಜಿ ಹಾಕಿತ್ತು.